ನಾಸಿ ಇಲ್ಲದ ನಾಸಿ ಗೊರೆಂಗ್

ರಾತ್ರಿ ಹತ್ತೂವರೆಗೆ ಗಾಡಿಯ ದೀಪ ಆರಿಸುತ್ತೇನೆ,
ಒಲೆ ಆರಿಸುವುದಿಲ್ಲ.
ಹದಿನೆಂಟು ವರ್ಷ ದುರ್ಗಿಗುಡಿಯ ಈ ತಿರುವಿನಲ್ಲಿ
ಇದೇ ಬಾಣಲೆಯಲ್ಲಿ ಇದನ್ನೇ ಕರಿದಿದ್ದೇನೆ:
ಹಿಟ್ಟು ಮೆತ್ತಿ, ಕೆಂಪು ಬಳಿದು
(ಆಫೀಸರು ಬಂದು ಗದರಿಸಿ ಹೋದ ಮೇಲೆ ಬಳಿಯದೆ),
ಟೂತ್‌ಪಿಕ್ ಚುಚ್ಚಿ, ಪೇಪರ್ ಪ್ಲೇಟಿಗೆ.
ಗಾಡಿಯಲ್ಲಿ ಅದರ ಹೆಸರು ಗೋಬಿ,
ಮನೆಯಲ್ಲಿ ಹೂಕೋಸು.
ಎರಡೂ ಒಂದೇ ಎಂದು ಬಾಯಲ್ಲಿ ಹೇಳುತ್ತಿದ್ದೆ,
ನಾಲಿಗೆಗೆ ಗೊತ್ತಿರಲಿಲ್ಲ.

ಊಟಕ್ಕೆ ಮುಂಚೆ ನೂರ ಎಂಬತ್ತು,
ಊಟವಾಗಿ ಎರಡು ಗಂಟೆಗೆ ಮುನ್ನೂರ ಹನ್ನೆರಡು.
ಡಾಕ್ಟರಮ್ಮ ಚೀಟಿಯಲ್ಲಿ ಬರೆದರು: ಅನ್ನ ಬೇಡ.
ರೈಸ್ ಎಂದಿದ್ದರೆ ಇಷ್ಟು ತಾಗುತ್ತಿರಲಿಲ್ಲ.
ಅನ್ನ ಹಾಕಿದ ಕೈ ಅನ್ನುತ್ತೇವೆ,
ಅನ್ನಕ್ಕೆ ಮಣ್ಣು ಹಾಕಿದ ಅನ್ನುತ್ತೇವೆ,
ಹೂಕೋಸಿನ ಋಣ ಅಂತ
ಯಾರೂ ಅಂದದ್ದು ಕೇಳಿಲ್ಲ.

ಹೆಂಡತಿಯ ತಮ್ಮ ತಿಮ್ಮೇಶ, ಆರು ವರ್ಷ
ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದವನು,
ರಜೆಗೆ ಬಂದಿದ್ದ.
ಅವನ ಪಕ್ಕದ ಒಲೆ ಸುರಬಾಯದ ಸುತ್ರಿಸ್ನೊ ಎಂಬವನದಂತೆ.
ಪ್ರಯಾಣಿಕರು ಏಳುವ ಮುನ್ನ
ರಾತ್ರಿ ಉಳಿದ ಅನ್ನ ಹುರಿದು, ಕೆಲಸದವರಿಗೆಲ್ಲ
ನಿಂತಲ್ಲೇ ಬಡಿಸುತ್ತಿದ್ದನಂತೆ: ನಾಸಿ ಗೊರೆಂಗ್.
"ನಶ್ಯವಾ?" ಎಂದರು ಅತ್ತೆ, ಮೂಗು ಮುಟ್ಟಿಕೊಂಡು.
ನಾಸಿ ಅಂದರೆ ಅನ್ನ, ಗೊರೆಂಗ್ ಅಂದರೆ ಹುರಿದದ್ದು.
"ನಾಸಿ ಬಿಡೋಣ ಭಾವ,
ಬರೀ ಗೊರೆಂಗ್ ಮಾಡೋಣ" ಎಂದ ತಿಮ್ಮೇಶ.

ಮೊದಲ ಸಲ ಪೂರ್ತಿ ಕೆಟ್ಟಿತು.
ತುರಿದದ್ದು ನೀರು ಬಿಟ್ಟು ಗಂಜಿ.
ಗಾಡಿಯ ನಾಯಿಯೂ ಮೂಸಿ ಹೋಯಿತು.
ಎರಡನೇ ಸಲ ಹಳೇ ಪಂಚೆಯಲ್ಲಿ ಕಟ್ಟಿ ಹಿಂಡಿದೆ,
ಮೊಣಕೈವರೆಗೆ ಇಳಿಯಿತು ನೀರು.
ಒಂದು ಹೂವಿನೊಳಗೆ ಇಷ್ಟು ನೀರಿರುತ್ತದೆಂದು
ಕಾರ್ನ್‌ಫ್ಲೋರು ನನಗೆ ಯಾವತ್ತೂ ಹೇಳಿರಲಿಲ್ಲ.

ಗಾಂಧಿ ಬಜಾರಿನ ಒಣ ಸಿಗಡಿ, ಹುರಿದು ಕುಟ್ಟಿದ್ದು.
ಬೆಳ್ಳುಳ್ಳಿ. ಸೂಜಿಮೆಣಸು ಐದು
(ತಿಮ್ಮೇಶ ಮೂರು ಎಂದ,
ಸಮುದ್ರದ ಮೇಲೆ ಮೆತ್ತಗಾಗಿದ್ದಾನೆ).
ಅವರ ಸೋಯಾ ಬೆಲ್ಲದ ಪಾಕದ ಹಾಗಿರುತ್ತದಂತೆ.
ನನಗೆಲ್ಲಿಯ ಬೆಲ್ಲ?
ಈರುಳ್ಳಿಯನ್ನೇ ಸಣ್ಣ ಉರಿಯಲ್ಲಿ ಕಂದಿಸಿ ಕಂದಿಸಿ
ಅದರೊಳಗಿನ ಸಿಹಿಯನ್ನು ಸಾಲ ಕೇಳಿದೆ.
ಸ್ವಲ್ಪ ಕೊಟ್ಟಿತು.

ಆಮೇಲೆ ಉರಿ ಪೂರ್ತಿ.
ಒಂದು ಹಿಡಿ ಹಾಕು, ಹರಡು,
ಮುಟ್ಟಬೇಡ, ಮುಚ್ಚಬೇಡ,
ತಳ ಚುರ್ ಎಂದಾಗ ತಿರುವು,
ಸೋಯಾವನ್ನು ಬಾಣಲೆಯ ಅಂಚಿನಿಂದ ಜಾರಿಸು.
ಇದನ್ನು ಯಾರೂ ಹೇಳಿಕೊಡಲಿಲ್ಲ,
ಕೈಗೆ ಮೊದಲೇ ಗೊತ್ತಿತ್ತು.
ಮೇಲೊಂದು ಮೊಟ್ಟೆ, ಅಂಚೆಲ್ಲ ಗರಿ,
ನಡುವೆ ಹಳದಿ ನಡುಗುತ್ತ.
ಸೌತೆಕಾಯಿ ನಾಲ್ಕು ಬಿಲ್ಲೆ.

ಆಟೋ ನಿಲ್ಲಿಸಿ ಜಬೀವುಲ್ಲ ತಲೆ ಹಾಕಿದ:
"ಏನ್ ಹಾಲೇಶಣ್ಣ, ಹೊಸ ಐಟಮ್ಮಾ? ಎಷ್ಟು?"
ಮಾರೋದಲ್ಲ ಎಂದೆ. ಅರ್ಧ ಹಾಕಿಕೊಟ್ಟೆ.
ತಿಂದ. ಹಳದಿ ಒಡೆದು ಕಲಸಿ ಮತ್ತೆ ತಿಂದ.
"ಅನ್ನ ಉದುರುದುರಾಗಿದೆ. ಸೋನಾ ಮಸೂರಿನಾ?"
ನಾನು ಬಾಯಿ ಬಿಡಲಿಲ್ಲ.
ಇಷ್ಟು ವರ್ಷ ಹಿಟ್ಟನ್ನು ಗೋಬಿ ಎಂದು ಮಾರಿದವನು
ಇವತ್ತು ಗೋಬಿಯನ್ನು ಅನ್ನ ಅನ್ನಿಸಿದ್ದೆ,
ಅದೂ ಪುಕ್ಕಟೆಗೆ.

ಮನೆಯಲ್ಲಿ ಅವಳು ಉಣ್ಣದೆ ಕೂತಿದ್ದಳು,
ಪಾತ್ರೆಯ ಮುಚ್ಚಳ ತೆಗೆಯದೆ,
ಕಂಡರೆ ನನಗೆ ಆಸೆಯಾದೀತೆಂದು.
ನಾನೇ ತೆಗೆದೆ. ಆವಿ ಕನ್ನಡಕಕ್ಕೆ ಹತ್ತಿತು.
ಕಾಣದೆ, ಅಂದಾಜಿನಲ್ಲೇ,
ಅವಳ ತಟ್ಟೆಗೆ ಎರಡು ಸೌಟು ಬಡಿಸಿದೆ.
ಬೆರಳಿಗೆ ಒಂದು ಅಗುಳು ಅಂಟಿತ್ತು.
ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಡಾಕ್ಟರಮ್ಮ.