ಹತ್ತು ಹಿಡಿ ಗೋಡೆ

ಅರಸೀಕೆರೆಯಲ್ಲಿ ನಾನು ಕಟ್ಟಿದ ಮನೆಗಳಲ್ಲಿ
ಕೂಲಿಗಾಗಿ ಬಾಯಿಬಿಟ್ಟು ಕೇಳದೆ ಇದ್ದದ್ದು
ರೈಲ್ವೆ ಗಾರ್ಡು ಹನೋಕ್ ನಾಗಾಂವ್ಕರ್ ಅವರದೊಂದೇ.

ಹೊತ್ತು ಕೊಬ್ಬರಿ ಮಂಡಿಯ ತಗಡಿಗೆ ತಾಗುವಷ್ಟರಲ್ಲಿ
ಎಣಿಸಿದ ನೋಟು ಹಿಡಿದು ಮರಳರಾಶಿಯ ಪಕ್ಕ ನಿಂತಿರುತ್ತಿದ್ದರು.
'ಶನಿವಾರ ಬಟವಾಡೆ ಸಾಕು ಸಾಹೇಬ್ರೇ, ಊರ ರೂಢಿ.'
'ಶನಿವಾರ ನಾನು ದುಡ್ಡು ಮುಟ್ಟೋ ಹಾಗಿಲ್ಲ ಮೇಸ್ತ್ರಿ,
ನಿನ್ನ ದಿನಗೂಲಿ ರಾತ್ರಿ ನನ್ನ ಮನೇಲಿ ಮಲಗೋ ಹಾಗೂ ಇಲ್ಲ.'
ಯಾರ ಕಾನೂನು, ರೈಲ್ವೆದಾ?
ನಕ್ಕರು. 'ಅದಕ್ಕಿಂತ ಹಳೇದು.
ಒಟ್ಟು ಆರುನೂರ ಹದಿಮೂರು.'
ನಾನು ಕರಣೆ ಕೆಳಗಿಟ್ಟೆ.

ತಾರಸಿ ಬೀಳುವಾಗ ದುಡ್ಡು ಮುಗಿಯಿತು.
ಕಿಟಕಿಗೆ ಗಾಜಿಲ್ಲ, ಅಡುಗೆಮನೆಗೆ ನೆಲವಿಲ್ಲ,
ಆದರೂ ಮೊದಲು ಮೇಲೆ ಸುತ್ತಗೋಡೆ ಅಂದರು.
'ಯಾರು ಹತ್ತುತ್ತಾರೆ? ಮಕ್ಕಳೂ ಇಲ್ಲ ನಿಮಗೆ.'
'ಯಾರೋ. ಬೀಳೋನು ನೆಂಟನೇ ಆಗಬೇಕಾ?'
ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ತಾವೇ ಅಳೆದರು,
ಹತ್ತು ಹಿಡಿ.
ನನ್ನ ಟೇಪು ಜೇಬಲ್ಲೇ ಉಳಿಯಿತು.
ಕೊನೆಯ ಸಾಲು ಕೂತ ದಿನ ಸಿಪ್ಪೋರಾಬಾಯಿ
ಅವಲಕ್ಕಿಗೆ ಕಾಯಿ ತುರಿದು ಸಿಹಿ ಕಲಸಿಕೊಟ್ಟರು.
ನಮ್ಮವ್ವ ಮಾಡುತ್ತಿದ್ದದ್ದೇ,
ಏಲಕ್ಕಿ ಮಾತ್ರ ಕೈಮೀರಿ.

ಈಗ ಬಾಡಿಗೆಯವರ ಹುಡುಗಿ
ಆ ಗೋಡೆಗೆ ಗದ್ದ ಊರಿ ಗೂಡ್ಸ್ ಡಬ್ಬಿ ಎಣಿಸುತ್ತಾಳೆ.

ಹೋದ ಮಾಗಿಯಲ್ಲಿ ಹನೋಕ್ ತೀರಿಕೊಂಡರು.
ಅವರ ಪ್ರಾರ್ಥನೆಗೆ ಅವರವರೇ ಹತ್ತು ಗಂಡಸರು ಬೇಕಂತೆ.
ರಾತ್ರಿ ಗಾಡಿಯಲ್ಲಿ ಬಂದವನು ತಮ್ಮನ ಮಗ ಬೆಂಜಮಿನ್, ಒಬ್ಬನೇ.
ನಾವು ಇಪ್ಪತ್ತು ಮಂದಿ ಇದ್ದೆವು.
ಲೆಕ್ಕಕ್ಕೆ ಬರಲಿಲ್ಲ, ಹೊರಲಿಕ್ಕೆ ಬಂದೆವು.
ಇಗರ್ಜಿಯವರು ಬಿಟ್ಟುಕೊಟ್ಟ ಮೂಲೆಯಲ್ಲಿ
ಹುಡುಗ ಮಣ್ಣು ಹಾಕಿ, ಸನಿಕೆ ನನ್ನ ಕೈಗೆ ಕೊಡದೆ
ನೆಲಕ್ಕೆ ಚುಚ್ಚಿದ. ದುಃಖ ಕೈಯಿಂದ ಕೈಗೆ ದಾಟಬಾರದಂತೆ.
'ಸತ್ತವರಿಗೆ ಮಾಡಿದ್ದೇ ನಿಜವಾದ ಉಪಕಾರ,
ಅವರು ತೀರಿಸೋ ಹಾಗಿಲ್ಲವಲ್ಲ' ಅಂದ.

ಆ ಮಾತು ನನಗೆ ಹಿಡಿಸಿತು.
ಗುಡ್ಡೆಯ ಸುತ್ತ ಒಂದು ಸಾಲು ಇಟ್ಟಿಗೆ ಕೂರಿಸಿದೆ,
ಸಿಮೆಂಟೂ ನನ್ನದೇ. ಒಳಗೊಳಗೇ ಹಿಗ್ಗಿದೆ,
ಇಷ್ಟು ವರ್ಷಕ್ಕೆ ಇದೊಂದು ಬಿಟ್ಟಿ,
ಇದೊಂದು ನಾನು ಕೊಟ್ಟದ್ದು.

ಬಸ್ ಸ್ಟ್ಯಾಂಡ್ ದಾಟಿದ್ದೆ. ಹಿಂದಿನಿಂದ ಓಡಿ ಬಂದ ಹುಡುಗ,
ಏದುಸಿರು, ಬೂಟಿನ ತುಂಬ ಕೆಮ್ಮಣ್ಣು, ಕೈಯಲ್ಲಿ ನೋಟು,
ಕಣ್ಣು ಮಾತ್ರ ಮಂಡಿಯ ತಗಡಿನ ಮೇಲೆ.
ಬೇಡಪ್ಪ ಎನ್ನಲು ಬಾಯಿ ತೆರೆದೆ.
ಹೊತ್ತು ಇನ್ನೊಂದು ಹಿಡಿ ಇತ್ತು.

ಈಸಿಕೊಂಡೆ.