ಛತ್ತಿಲ್ಲದ ಶನಿವಾರ

ತಾಡಪತ್ರಿಯ ಚೀಲ ನಾನೇ ಹೊಲಿದದ್ದು.
ಲಿಂಗಸುಗೂರಿನ ಸಂತೆಯಲ್ಲಿ ಕೊಂಡ ನೀಲಿ ತುಂಡು,
ದಬ್ಬಣ, ಮೇಣ ಸವರಿದ ದಾರ.
ಉದ್ದ ಆರಡಿ ಎಂಟಿಂಚು,
ಅಗಲ, ಮಗ್ಗಲು ಬದಲಿಸಲು ಸಾಕಾಗುವಷ್ಟು.
ದುರುಗಮ್ಮ ನೋಡಿ ಅಂದಳು:
"ಅಯ್ಯ, ಹೆಣದ ಅಳತಿಗೆ ಹೊಲದೀಯಲ್ಲ."
ಅಂದವಳೇ ಅಂಚಿನಲ್ಲಿ ಬಿಟ್ಟುಹೋದ ನಾಕು ಹೊಲಿಗೆ
ತಾನೇ ಹಾಕಿಕೊಟ್ಟಳು.

ತಿಂಗಳಿಗೊಂದು ಶನಿವಾರ.
ಹಟ್ಟಿಯ ಗಣಿಯಲ್ಲಿ ಮೊದಲ ಪಾಳಿ ಮುಗಿದು
ಪಂಜರ ಮೇಲೆ ಬಂದು
ಬಿಸಿಲಿಗೆ ಚುಚ್ಚಿದ ಕಣ್ಣು ಸರಿಹೋಗುವುದರೊಳಗೆ
ಗೇಟಿನ ಹೊರಗೆ ಯಮನೂರ ಬೆಲ್ಲು ಹೊಡೆಯುತ್ತಿರುತ್ತಾನೆ.
ಅವನದು ಏಳು ಗೇರಿನದು.
ನನ್ನದು ಮಗಳಿಗೆ ಎಂಟನೇ ಇಯತ್ತೆಯಲ್ಲಿ ಸಾಲಿಯವರು ಕೊಟ್ಟದ್ದು,
ಮುಂದೆ ಬುಟ್ಟಿ.
ಬುಟ್ಟಿಯಲ್ಲಿ ಕಟಕರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ,
ಗಾಳಿ ಪಂಪು, ಸುತ್ತಿಟ್ಟ ನನ್ನ ಹಾಸಿಗೆ.

ಶ್ರಾವಣದಲ್ಲಿ ಜಲದುರ್ಗದ ಕೆಳಗೆ
ಕೃಷ್ಣೆಯ ಸದ್ದಿಗೆ ಕಣ್ಣು ಹತ್ತಲಿಲ್ಲ.
ಮುಂದಿನ ತಿಂಗಳು ಮುದಗಲ್ಲಿನ ಹತ್ತಿರ ಮಳೆ ಹಿಡಿದು
ಪೆಟ್ರೋಲ್ ಬಂಕಿನ ತಗಡಿನಡಿ ಕೂತೇ ಬೆಳಗು ಮಾಡಿದೆವು.
ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಯಮನೂರ,
ಹಿಡಿಯಬೇಕೆಂದು ನಾನು.
ಇನ್ನೂ ತೀರ್ಮಾನವಾಗಿಲ್ಲ.

ಕೆಳಗೆ, ಮೂರು ಸಾವಿರ ಅಡಿಯಲ್ಲಿ,
ಛತ್ತಿನ ಮಾತು ಕೇಳುವುದು ನನ್ನ ಕೆಲಸ.
ಮದ್ದು ಸಿಡಿದ ಮೇಲೆ ಎಲ್ಲರಿಗಿಂತ ಮೊದಲು ಹೋಗಿ
ತಲೆ ಮೇಲಿನ ಕಲ್ಲಿಗೆ ಸಲಾಕೆಯಿಂದ ಬಡಿಯಬೇಕು.
ಠಣ್ ಅಂದರೆ ಗಟ್ಟಿ.
ಡೊಬ್ ಅಂದರೆ ಪೊಳ್ಳು; ಸರಿದು ನಿಂತು ಕೆಡವಬೇಕು,
ಅದು ನಮ್ಮನ್ನು ಕೆಡವುವ ಮೊದಲು.
ಇಪ್ಪತ್ತೆರಡು ವರ್ಷ.
ಮನೆಯಲ್ಲೂ ದೀಪ ಆರಿಸಿದ ಮೇಲೆ
ನನ್ನ ಕೈ ಕೋಲು ಹುಡುಕುತ್ತದೆ.

ಈ ಸಲ ಮಸ್ಕಿ ದಾರಿ, ಎರಡು ಪಂಕ್ಚರು, ಎರಡೂ ಜಾಲಿಮುಳ್ಳು.
ಕತ್ತಲಾಗಿ, ತೊಗರಿ ಕೊಯ್ದ ಹೊಲದಲ್ಲಿ ಇಳಿದೆವು.
ಅಲ್ಲಿ ಆಗಲೇ ಸಿದ್ದಮಾಳಪ್ಪ ಹಿಂಡು ತರುಬಿದ್ದ.
ಬ್ಯಾಟರಿ ನಮ್ಮ ಮೋರೆಗೆ ಬಿಟ್ಟು ಕೇಳಿದ:

"ಮನಿ ಇಲ್ಲೇನು?"
"ಐತಿ."
"ಹೆಂಡ್ತಿ ಹೊರಗ ಹಾಕ್ಯಾಳೇನು?"
"ಇಲ್ಲ, ರೊಟ್ಟಿ ಕಟ್ಟಿ ಕಳಿಸ್ಯಾಳ."
"ಮತ್ತ ಹಿಂಗ ಬಯಲಾಗ ಬಿದ್ದರ ಯಾರರೆ ಪಗಾರ ಕೊಡ್ತಾರೇನು?"
"ಇಲ್ಲ."
ಎಷ್ಟೋ ಹೊತ್ತು ಸುಮ್ಮನಿದ್ದ.
"ನನಗ ಕೊಡ್ತಾರ," ಅಂದ,
"ರಾತ್ರಿಗಿಷ್ಟು ಜ್ವಾಳ, ಕುರಿ ಹಿಕ್ಕಿ ಹೊಲಕ್ಕ ಬಿದ್ದದ್ದಕ್ಕ."
ಆಮೇಲೆ ನಕ್ಕ ನೋಡು,
ನಾಯಿಗಳು ಎದ್ದು ನಿಂತವು.

ಯಮನೂರನ ಗೊರಕೆ ಶುರುವಾಯಿತು.
ಚೀಲದಿಂದ ಕೈ ಹೊರಗೆ ತೆಗೆದು
ಒಂದು ತೊಗರಿ ಕಟ್ಟಿಗೆ ಹಿಡಿದು
ಮೇಲಕ್ಕೆ ಚಾಚಿದೆ. ಸುಮ್ಮನೆ.
ಬಡಿಯಲು ಏನೂ ಸಿಗಲಿಲ್ಲ.
ಕಿವಿ ಮಾತ್ರ ಕಾಯುತ್ತಲೇ ಇತ್ತು,
ಠಣ್ಣೋ ಡೊಬ್ಬೋ ಎಂದು,
ಚುಕ್ಕಿಗಳ ನಡುವೆ, ತುಂಬ ಹೊತ್ತು.
ಒಂದು ಕುರಿ ಸೀನಿತು.

ಯಾವಾಗಲೋ ಬೆನ್ನಿಗೆ ಏನೋ ಒರಗಿದಂತಾಗಿ ಎಚ್ಚರ.
ಬಲೆ ನುಸುಳಿ ಬಂದ ಮರಿ,
ತಾಡಪತ್ರಿಯ ಆಚೆ,
ಬೆಚ್ಚಗಿತ್ತು.
ಅಷ್ಟು ಅಳೆದು ಹೊಲಿದ ಅಗಲ,
ಬೆಳಗಿನ ತನಕ ಮಗ್ಗಲು ಬದಲಿಸಲಿಲ್ಲ.

ಎದ್ದರೆ ಚೀಲದ ಒಳಗೆಲ್ಲ ನೀರು, ನನ್ನದೇ ಉಸಿರು.
ಸಿದ್ದಮಾಳಪ್ಪ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದ:
"ಕಂಬಳಿ ಉಸಿರಾಡ್ತೈತಿ ತಮ್ಮಾ,
ಇದು ಆಡಂಗಿಲ್ಲ."
ಮರಿಯ ಕಿವಿ ಹಿಡಿದು ಎತ್ತಿಕೊಂಡು ಹೋದ,
ಮುಂದಿನ ಊರು ಯಾವುದೆಂದು ಹೇಳಲಿಲ್ಲ.

ಸೋಮವಾರ, ಪಂಜರ ಇಳಿಯುತ್ತಿತ್ತು.
ಯಾರೋ ತಂಬಾಕು ತಿಕ್ಕುತ್ತಿದ್ದರು.
ತಲೆ ದೀಪ ಕೆಳಗೆ ಬಾಗಿಸಿದರೆ
ಕಾಲುಚೀಲಕ್ಕೆ ಕಚ್ಚಿಕೊಂಡ ಉತ್ತರಾಣಿ ಬೀಜ,
ಐದೋ ಆರೋ.
ಬಿಡಿಸಿ ಒಗೆಯಲು ಹೋದವನು
ಎಲ್ಲಿ ಒಗೆಯುವುದು ಎಂದು ಯೋಚಿಸುವಷ್ಟರಲ್ಲಿ
ಗಂಟೆ ಬಾರಿಸಿತು,
ಬಾಗಿಲು ತೆರೆಯಿತು,
ಸಲಾಕೆ ಎತ್ತಿಕೊಂಡೆ.