ಸೇತುವೆ ಎದ್ದಿತ್ತು

ಡುಲೂತ್‌ನಲ್ಲಿ ನಾವು ತಂಗಿದ್ದು ಹದಿನೆಂಟು ಗಂಟೆ.
ಅದರಲ್ಲಿ ಒಂಬತ್ತು ನಿದ್ದೆ,
ಎರಡು, ಬಟ್ಟೆ ಒಗೆಯುವ ಅಂಗಡಿಯ ಬೆಂಚು,
ಉಳಿದದ್ದರಲ್ಲಿ ಮುಕ್ಕಾಲು ಪಾಲು ಮೌನ.
ಫಾರ್ಗೋದಲ್ಲಿ ವೆಂಡೆಲ್ ನನ್ನ ಕಬ್ಬಿಣದ ಬಾಣಲೆಯನ್ನು
ಯಾರಿಗೋ ಕೊಟ್ಟುಬಿಟ್ಟಿದ್ದ.
"ತೂಕ" ಅಂದಿದ್ದ. ಅಷ್ಟೇ ಮಾತು.
ಮನೆ ಮಾರಿ ಇಪ್ಪತ್ತನಾಲ್ಕು ಅಡಿ ಗಾಡಿಯಲ್ಲಿ ಸಂಸಾರ ಹೂಡಿದವರಿಗೆ
ಚಮಚವೂ ತೂಕವೇ, ಒಪ್ಪಿದೆ.
ಆದರೆ ಆ ಬಾಣಲೆ
ಮೂವತ್ತೊಂದು ವರ್ಷ ಎಣ್ಣೆ ಕುಡಿದು ಕಪ್ಪಾಗಿತ್ತು.

ಗಾಡಿ ನಿಂತದ್ದು ಸೇತುವೆಯಾಚೆ,
ಸರೋವರಕ್ಕೆ ಚಾಚಿದ ಮರಳಿನ ನಾಲಗೆಯ ಮೇಲೆ, ದೋಣಿಗಳ ನಡುವೆ.
ಹನ್ನೊಂದಕ್ಕೆ ಜಾಗ ಬಿಡಬೇಕು,
ತಪ್ಪಿದರೆ ಇನ್ನೊಂದು ದಿನದ ಬಾಡಿಗೆ, ಅಂತ
ಕಚೇರಿಯ ಹುಡುಗಿ (ಕೂದಲಿಗೆ ಪಾಚಿಯ ಬಣ್ಣ)
ಚೀಟಿಯಲ್ಲಿ ಬರೆದು, ಬಾಯಲ್ಲೂ ಹೇಳಿದ್ದಳು.

ಶನಿವಾರ. ಊರಿಗೆ ಊರೇ ದಂಡೆಗೆ ಇಳಿದಿತ್ತು.
ಹೊಗೆ ಹಾಕಿದ ಮೀನಿನಂಗಡಿಗೆ ಸಾಲು ಮೂಲೆ ತಿರುಗಿತ್ತು.
ಅಕಾರ್ಡಿಯನ್ನಿನ ಮುದುಕ ಒಂದೇ ಪೋಲ್ಕಾವನ್ನು
ಬೇರೆ ಬೇರೆ ವೇಗದಲ್ಲಿ ಮಾರುತ್ತಿದ್ದ.
ಬಿಳಿ ಗೌನಿನ ಮೇಲೆ ಮೀನುಗಾರರ ಜಾಕೆಟ್ಟು ತೊಟ್ಟ ಮದುಮಗಳು
ಫೋಟೋದವನ ಮೇಲೆ ರೇಗುತ್ತಿದ್ದಳು.
ಜೂನ್ ತಿಂಗಳು, ಗಾಳಿ ಮಾತ್ರ ಇನ್ನೂ ಮಾರ್ಚಿಯಲ್ಲೇ.
ನಾವು ಒಂದು ಡಜನ್ ಮೊಟ್ಟೆ, ಒಂದು ರೈ ಬ್ರೆಡ್ಡು ಕೊಂಡೆವು,
ಬೆರಳು ತೋರಿಸಿ, ತಲೆಯಾಡಿಸಿ,
ಪರಸ್ಪರ ಭಾಷೆ ಬಾರದವರ ಹಾಗೆ.

ಹತ್ತೂ ನಲವತ್ತಕ್ಕೆ ಗಂಟೆ ಬಾರಿಸಿತು.
ಅಡ್ಡಪಟ್ಟಿ ಬಿತ್ತು, ನಮ್ಮ ಮೂಗಿನೆದುರೇ.
ಮತ್ತೆ ಸೇತುವೆ, ಮಡಚದೆ, ಬಗ್ಗದೆ,
ಇದ್ದ ಹಾಗೇ ನೆಟ್ಟಗೆ ಎದ್ದು ಆಕಾಶಕ್ಕೆ ಹೋಯಿತು.

"ಸೇತುವೆಯಾದಿರಾ?" ಅಂದಳು ಪಕ್ಕದವಳು.
ಈ ಊರಲ್ಲಿ ಅದಕ್ಕೊಂದು ಕ್ರಿಯಾಪದವೇ ಉಂಟು.
ತಡವಾಗಿ ಬಂದವರು "ಸೇತುವೆಯಾದೆ" ಅಂದರೆ ಮುಗಿಯಿತು,
ಯಜಮಾನ ಕೇಳುವುದಿಲ್ಲ, ಹೆಂಡತಿಯೂ ಕೇಳುವುದಿಲ್ಲ.
ಮಾರ್ಲಿಸ್ ಅಂತ ಹೆಸರು, ಹಲ್ಲಿನ ಡಾಕ್ಟರ ಬಳಿ ಕೆಲಸ.
"ನನ್ನ ಎರಡನೆಯವನು ಇಲ್ಲೇ ಹುಟ್ಟುವುದರಲ್ಲಿದ್ದ,
ಈ ಕೆಂಪು ದೀಪದ ಕೆಳಗೆ.
ಹಡಗು ದಾಟಿದ ಮೇಲೆ ಹುಟ್ಟಿದ.
ಈಗಲೂ ಹಾಗೇ, ಊಟಕ್ಕೆ ಹತ್ತು ಸಲ ಕೂಗಬೇಕು."

ಆಗ ಬಂತು ಅದು.
ಬಂತು ಅನ್ನುವ ಹಾಗಿಲ್ಲ. ಬೀದಿಯ ತುದಿಗೆ
ಹೊಸದೊಂದು ಗೋಡೆ ಕಟ್ಟಿ
ಅದನ್ನು ಮೆಲ್ಲಗೆ ಎಳೆಯುತ್ತಿದ್ದರು.
ತುಕ್ಕಿನ ಬಣ್ಣ, ಬೆಸುಗೆಯ ಗೆರೆ,
ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ಹತ್ತಿರ.
ಒಂದು ಉದ್ದ, ಎರಡು ಗಿಡ್ಡ, ಕೂಗಿತು.
ಮೇಲಿಂದ ಸೇತುವೆ ಅದನ್ನೇ ತಿರುಗಿ ಕೂಗಿತು.
ನನ್ನ ಎದೆಗೂಡು, ಚೀಲದ ಮೊಟ್ಟೆಗಳು
ಒಟ್ಟಿಗೇ ನಡುಗಿದವು.
ಮದುಮಗಳೂ ಗೌನು ಎತ್ತಿಕೊಂಡು ಓಡಿಬಂದು ಕೈಬೀಸಿದಳು.
ತುದಿಯಲ್ಲಿ, ಏಪ್ರನ್ನಿನ ಒಬ್ಬ ಅಡುಗೆಯವ
ಸೌಟು ಎತ್ತಿ ಉತ್ತರ ಕೊಟ್ಟ.

ವೆಂಡೆಲ್ ಮಾರ್ಲಿಸಳನ್ನು ಕೇಳಿದ:
"ಒಳಗೆ ಏನಿದೆ?"
"ಕಬ್ಬಿಣದ ಅದಿರು. ಅರವತ್ತು ಸಾವಿರ ಟನ್ನು ಇದ್ದೀತು."
ಅವನು ಟೋಪಿ ತೆಗೆದ. ತಲೆ ಕೆರೆದುಕೊಂಡ.
ನನ್ನ ಕಡೆ ನೋಡಲಿಲ್ಲ.
"ಹಾಗಾದರೆ," ಅಂದ ಹಡಗಿಗೆ,
"ಒಂದು ಬಾಣಲೆ ಆಗುವಷ್ಟು ಇರಬಹುದು."

ನಗಬಾರದು ಅಂತಲೇ ಇದ್ದೆ.
ಹಲ್ಲು ಕಚ್ಚಿ ನಿಂತೆ,
ಆ ಗೋಡೆಯ ಅರ್ಧದಷ್ಟು ದೂರ.

ಕಚೇರಿ ತಲುಪಿದಾಗ ಹನ್ನೊಂದೂ ಇಪ್ಪತ್ತು.
ಪಾಚಿ ಕೂದಲಿನ ಹುಡುಗಿ ತಲೆಯೆತ್ತದೆ
"ಸೇತುವೆಯೇ?" ಅಂದಳು, ಬೀಗದ ಕೈ ತೆಗೆದುಕೊಂಡಳು.

ಲೆಕ್ಕದ ಪುಸ್ತಕದಲ್ಲಿ ಆ ದಿನ ನಾನು ಬರೆದದ್ದು:
ನೀರು ತುಂಬಿಸಿದ್ದು, ಕೊಳೆನೀರು ಬಿಟ್ಟದ್ದು,
ಬ್ರೆಡ್ಡು, ಮೊಟ್ಟೆ ಹನ್ನೆರಡು, ಒಡೆದದ್ದು ಒಂದು.

ರಾತ್ರಿ ವಿಸ್ಕಾನ್ಸಿನ್ನಿನ ಯಾವುದೋ ಪೈನ್ ಮರಗಳ ಕೆಳಗೆ
ಅವನು ಒಲೆ ಹಚ್ಚಿದ.
ಹುರಿಯಲು ಏನೂ ಇರಲಿಲ್ಲ.
ಬೇಯಿಸಿಕೊಂಡು ತಿಂದೆವು.